ಹೊಲಿಗೆ ಬಿಚ್ಚಾಯ್ತು, ಆಫೀಸಿಗೆ ಹೋಗೋಕೆ ಮನಸ್ಸೇ ಬರ್ತಿಲ್ಲ

ಹೋದ ಸಂಚಿಕೇಲಿ, ಆಪರೇಷನ್ ಆದ್ಮೇಲೆ ಕೆಲಸಕ್ಕೆ ವಾಪಸ್ ಹೋಗೋದ್ರ ಬಗ್ಗೆ ಏನಾದ್ರೂ ಕೇಳೋದಿದ್ರೆ ಬರೀರಿ ಅಂದಿದ್ದೆ. ಬಂದ ಪತ್ರ ಓದ್ತಾ ಹೋದ್ರೆ ಗಾಯದ ಬಗ್ಗೆ ಕೇಳಿದೋರು ಕಮ್ಮಿ, ಮನಸ್ಸಿನ ಬಗ್ಗೆ ಕೇಳಿದೋರೇ ಜಾಸ್ತಿ. ಎಲ್ಲದಕ್ಕೂ ಜಾಗ ಇಲ್ಲ, ನಾಲ್ಕನ್ನ ಆರಿಸ್ಕೊಂಡಿದೀನಿ, ಹೆಸರು ಯಾರದ್ದೂ ಹಾಕಿಲ್ಲ. ನಾನು ಕೌನ್ಸೆಲರ್ರು, ಡಾಕ್ಟರಲ್ಲ, ಮಾತ್ರೆ ವಿಷಯ ಬಂದ ಕಡೆ ನಿಮ್ಮ ಡಾಕ್ಟರ್ ಹೇಳಿದ್ದೇ ಫೈನಲ್ಲು.

ಪ್ರಶ್ನೆ: ಮೇಡಂ, ನನಗೆ 44 ವರ್ಷ, ಮಾರತಹಳ್ಳಿ ಹತ್ರ ಒಂದು ಕಂಪನೀಲಿ ಅಕೌಂಟ್ಸ್‌ನಲ್ಲಿದೀನಿ. ಫೈಬ್ರಾಯ್ಡ್ ಇತ್ತು ಅಂತ ಗರ್ಭಕೋಶ ತೆಗೆದ್ರು, ಹೊಟ್ಟೆ ಕೊಯ್ದೇ ಮಾಡಿದ್ದು. ಆರು ವಾರ ರಜ ಮುಗಿಸಿ ಈಗ ಹೋಗ್ತಾ ಇದೀನಿ. ಗಾಯ ಒಣಗಿದೆ, ನೋವೂ ಅಷ್ಟಿಲ್ಲ. ಆದ್ರೆ ಎಕ್ಸೆಲ್ ಶೀಟ್ ಮುಂದೆ ಕೂತ್ರೆ ಒಂದೇ ಸಾಲನ್ನ ಮತ್ತೆ ಮತ್ತೆ ಓದ್ತೀನಿ, ತಲೆಗೆ ಹೋಗಲ್ಲ. ಸುಮ್‌ಸುಮ್ನೆ ಅಳು ಬರತ್ತೆ, ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಕೊಂಡು ಅತ್ತು ಮುಖ ತೊಳ್ಕೊಂಡು ಬರ್ತೀನಿ. ಮ್ಯಾನೇಜರ್ರು "ಚೆನ್ನಾಗೇ ಕಾಣ್ತೀರಲ್ಲ, 20ನೇ ತಾರೀಖು ಜಿಎಸ್‌ಟಿ ರಿಟರ್ನ್ ಇದೆ" ಅಂತಾರೆ. ಅತ್ತೆ "ನಮ್ ಕಾಲದಲ್ಲಿ ಯಾರು ಇಷ್ಟೆಲ್ಲ ಆಡ್ತಿದ್ರು" ಅಂತಾರೆ. ನಾನೇ ನಾಟಕ ಆಡ್ತಿದೀನಾ ಅಂತ ನನಗೇ ಅನುಮಾನ ಬಂದ್ಬಿಟ್ಟಿದೆ.

ಉತ್ತರ: ನಾಟಕ ಆಡೋರು ನಲ್ಲಿ ಬಿಟ್ಕೊಂಡು ಅಳಲ್ಲ ಕಣ್ರೀ, ನಾಲ್ಕು ಜನರ ಮುಂದೆ ಅಳ್ತಾರೆ. ಆ ಅನುಮಾನ ಮೊದ್ಲು ಬಿಡಿ.

ಮನಸ್ಸಿನ ಮಾತಿಗೆ ಆಮೇಲೆ ಬರೋಣ, ಮೊದ್ಲು ನಿಮ್ಮ ಡಿಸ್ಚಾರ್ಜ್ ಸಮ್ಮರಿ ತೆಗೆದು ನೋಡಿ. ಅದ್ರಲ್ಲಿ ಆಪರೇಷನ್ ಹೆಸರಿನ ಜಾಗದಲ್ಲಿ ಟಿಎಎಚ್ (ಹೊಟ್ಟೆ ಕೊಯ್ದು ಗರ್ಭಕೋಶ ತೆಗೆಯೋದು) ಅಂತ ಮಾತ್ರ ಇದ್ಯಾ, ಇಲ್ಲ ಪಕ್ಕದಲ್ಲಿ ಬಿಎಸ್‌ಒ ಅಂತಾನೂ ಇದ್ಯಾ? ಬಿಎಸ್‌ಒ ಅಂತಿದ್ರೆ ಗರ್ಭಕೋಶದ ಜೊತೆಗೆ ಎರಡೂ ಕಡೆ ಅಂಡಾಶಯಾನೂ ತೆಗೆದಿದಾರೆ ಅಂತ ಅರ್ಥ. ಎಷ್ಟೋ ಜನಕ್ಕೆ ಇದು ಗೊತ್ತೇ ಇರಲ್ಲ, ಸೈನ್ ಹಾಕಿ ಅಂದ್ರು ಹಾಕಿರ್ತಾರೆ ಅಷ್ಟೆ. ಬೇರೆ ಹೆಂಗಸರಿಗೆ ವರ್ಷಗಟ್ಲೆ ನಿಧಾನಕ್ಕೆ ಇಳಿಯೋ ಈಸ್ಟ್ರೋಜೆನ್ ಹಾರ್ಮೋನು ಅಂಥೋರಿಗೆ ಆಪರೇಷನ್ ಆದ ಕೆಲವೇ ದಿನದಲ್ಲಿ ದಪ್ ಅಂತ ಬಿದ್ದೋಗತ್ತೆ, ಆಗ ಇದ್ದಕ್ಕಿದ್ದಂಗೆ ಮೈಯೆಲ್ಲ ಕಾದು ಬೆವರೋದು, ರಾತ್ರಿ ಮಧ್ಯ ಎಚ್ಚರ ಆಗೋದು, ಅಳು, ಸಿಡುಕು, ಮರೆವು ಎಲ್ಲಾ ಒಟ್ಟೊಟ್ಟಿಗೆ ಶುರುವಾಗತ್ತೆ. ಇದಕ್ಕೆ ಚಿಕಿತ್ಸೆ ಇದೆ. ಗೈನಕಾಲಜಿಸ್ಟ್ ಹತ್ರ ಬಾಯ್ಬಿಟ್ಟು ಕೇಳಿ, ಅವರು ಹೊಲಿಗೆ ನೋಡಿ "ಎಲ್ಲಾ ಚೆನ್ನಾಗಿದೆ" ಅಂದ್ಬಿಟ್ರೆ ಎದ್ದು ಬಂದ್ಬಿಡ್ಬೇಡಿ.

ಬಿಎಸ್‌ಒ ಇಲ್ಲ ಅಂದ್ರೂ ಇನ್ನೊಂದು ವಿಷಯ ಇದೆ. ಫೈಬ್ರಾಯ್ಡ್ ಇದ್ದೋರಿಗೆ ಆಪರೇಷನ್‌ಗೆ ಮುಂಚೆ ತಿಂಗಳುಗಟ್ಲೆ ರಕ್ತ ಹೋಗಿರತ್ತೆ, ಟೇಬಲ್ ಮೇಲೂ ಸ್ವಲ್ಪ ಹೋಗಿರತ್ತೆ, ಹಿಮೋಗ್ಲೋಬಿನ್ ಕಮ್ಮಿ ಇದ್ದಾಗ ಯಾರಿಗೇ ಆದ್ರೂ ಗಮನ ನಿಲ್ಲಲ್ಲ, ಸಂಜೆ ಅಷ್ಟೊತ್ತಿಗೆ ಕಾಲು ಎತ್ತಿಡೋಕಾಗಲ್ಲ. ಹಿಮೋಗ್ಲೋಬಿನ್, ಥೈರಾಯ್ಡಿನ ಟಿಎಸ್‌ಎಚ್, ಬಿ12 ಮೂರೂ ಒಂದ್ಸಲ ಮಾಡ್ಸಿ. ಮೊಟ್ಟೆ ಮಾಂಸ ತಿನ್ನದೇ ಇರೋ ಮನೆಯವರಾದ್ರೆ ಬಿ12 ಮರೀಲೇಬೇಡಿ, ಅದು ಕಮ್ಮಿಯಾದ್ರೂ ಮನಸ್ಸು ಮಂಕಾಗತ್ತೆ. ಇದ್ಯಾವುದೂ ಗೊತ್ತಿಲ್ಲದೆ "ಪಾಸಿಟಿವ್ ಆಗಿ ಯೋಚ್ನೆ ಮಾಡಿ" ಅಂತ ನಾನು ಹೇಳಿದ್ರೆ ಅದು ಬರೀ ಬಾಯಿ ಮಾತು.

ಮೂರೂ ಸರಿಯಾಗಿದ್ದು, ಆದ್ರೂ ಎರಡು ವಾರಕ್ಕಿಂತ ಜಾಸ್ತಿ ದಿನದ ಬಹುಪಾಲು ಹೊತ್ತು ಬೇಜಾರು, ಮೊದ್ಲು ಇಷ್ಟ ಇದ್ದಿದ್ದೂ ಈಗ ಬೇಡ, ನಿದ್ದೆ ಊಟ ಎರಡೂ ಕೆಟ್ಟಿದೆ ಅಂತಿದ್ರೆ ಮಾನಸಿಕ ವೈದ್ಯರನ್ನ ನೋಡೋ ಟೈಮ್ ಬಂದಿದೆ ಅಂತ. ಸಾಯೋ ಯೋಚ್ನೆ ಬಂದ್ರಂತೂ ಎರಡು ವಾರ ಕಾಯೋ ಮಾತೇ ಇಲ್ಲ, ಆ ಕ್ಷಣಾನೇ ಮನೇಲಿ ಯಾರಿಗಾದ್ರೂ ಹೇಳಿ, 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಅನ್ನೋ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು, ನಮ್ಮ ನಿಮ್ಹಾನ್ಸೇ ಅದಕ್ಕೆ ಮುಖ್ಯ ಕೇಂದ್ರ. ದಿನದ 24 ಗಂಟೇನೂ ಇರತ್ತೆ, ಕನ್ನಡದಲ್ಲೇ ಮಾತಾಡ್ಬೋದು, ದುಡ್ಡಿಲ್ಲ.

ಈಗ ಆಫೀಸು. ಆರು ವಾರ ಅನ್ನೋದು ಕೊಯ್ದಿರೋ ಹೊಟ್ಟೆ ಕೂಡ್ಕೊಳೋಕೆ ಅಂತ ಇಟ್ಟಿರೋ ಲೆಕ್ಕ, ಒಂಬತ್ತು ಗಂಟೆ ಕೂತು ಲೆಡ್ಜರ್ ನೋಡೋಕೆ ಇಟ್ಟಿರೋದಲ್ಲ. ನಿಮ್ಮ ಮ್ಯಾನೇಜರ್ರು ಕೆಟ್ಟೋರು ಅಂತ ನನಗನ್ಸಲ್ಲ, ಅವರಿಗೆ ಕಾಣ್ತಿರೋದು ಸೀರೆ ಉಟ್ಕೊಂಡು ಟೈಮಿಗೆ ಸರಿಯಾಗಿ ಬರ್ತಿರೋ ನೀವು. ಹಾಗಾಗಿ ಬಾಯಲ್ಲಿ ಹೇಳ್ಕೊಂಡು ಕೂರ್ಬೇಡಿ, ಮೇಲ್ ಹಾಕಿ. "ಹುಷಾರಿಲ್ಲ, ಸ್ವಲ್ಪ ಅಡ್ಜಸ್ಟ್ ಮಾಡಿ" ಅಂತ ಬರೆದ್ರೆ ಯಾರೂ ಏನೂ ಮಾಡೋಕಾಗಲ್ಲ, ಏನು ಬೇಕು ಅಂತ ನೀವೇ ಬಿಡಿಸಿ ಬರೀಬೇಕು. ಹಿಂಗೆ: "ಇಂಥ ತಾರೀಖಿನಿಂದ ಮೂರು ವಾರ ನಾನು ಹತ್ತರಿಂದ ಎರಡು ಗಂಟೆ ಆಫೀಸಲ್ಲಿರ್ತೀನಿ, ಉಳಿದಿದ್ದನ್ನ ಮನೆಯಿಂದ ಮಾಡ್ತೀನಿ. ಈ ತಿಂಗಳ ರಿಟರ್ನ್ ನಾನೇ ರೆಡಿ ಮಾಡ್ತೀನಿ, ಆದ್ರೆ ಸಬ್ಮಿಟ್ ಮಾಡೋಕೆ ಮುಂಚೆ ಇನ್ನೊಬ್ರು ಚೆಕ್ ಮಾಡ್ಲಿ. ಫೈಲ್ ಬಾಕ್ಸ್ ಎತ್ತೋ ಕೆಲಸ ಸದ್ಯಕ್ಕೆ ಬೇಡ. ಡಾಕ್ಟರ್ ಚೀಟಿ ಜೊತೆಗಿಟ್ಟಿದೀನಿ." ಇಷ್ಟೇ ಸಾಕು. ಅಳು ಬಂದ ವಿಷಯ ಮೇಲಲ್ಲಿ ಬೇಕಾಗಿಲ್ಲ. ಮುಗಿಯೋ ತಾರೀಖು ಹಾಕಿದ್ರೆ ಮ್ಯಾನೇಜರಿಗೂ ಧೈರ್ಯ, ಇದು ಕೊನೇ ಇಲ್ಲದ್ದೇನೋ ಅಂತ ಹೆದರ್ಕೊಳಲ್ಲ. ಇನ್ನೂ ರಜ ಬೇಕಾದ್ರೆ, ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೇಲಿ ವರ್ಷಕ್ಕೆ 12 ದಿನ ಸಂಬಳದ ಜೊತೆ ಸಿಕ್ ಲೀವ್ ಇದೆ, ಬ್ಯಾಲೆನ್ಸ್ ಎಷ್ಟಿದೆ ನೋಡ್ಕೊಳಿ. ಅರ್ಧ ದಿನದ ಏರ್ಪಾಡು ಮಾತ್ರ ಕಾನೂನಲ್ಲಿ ಬರೆದಿಟ್ಟಿರೋದಲ್ಲ, ಕೇಳಿ ಪಡ್ಕೊಳೋದು.

ಓಡಾಟಾನೂ ಅಷ್ಟೇ ಸುಸ್ತು ಮಾಡತ್ತೆ. ಔಟರ್ ರಿಂಗ್ ರೋಡಿನ ಹಂಪು, ಗುಂಡಿ ಒಂದೊಂದೂ ಹೊಟ್ಟೆಗೇ ಹೊಡೆಯತ್ತೆ. ಬಸ್ಸಾದ್ರೆ ಎಸಿ ಇರೋ ವಜ್ರ ನೋಡ್ಕೊಳಿ, ಹಿಂದಿನ ಚಕ್ರದ ಮೇಲಿನ ಸೀಟು ಮಾತ್ರ ಬೇಡ. ಕ್ಯಾಬಲ್ಲಿ ಹೋದ್ರೆ ಸೀಟ್ ಬೆಲ್ಟ್ ಮತ್ತೆ ಹೊಟ್ಟೆ ಮಧ್ಯ ಒಂದು ಸಣ್ಣ ಮೆತ್ತನೆ ಟವೆಲ್ ಇಟ್ಕೊಳಿ. ಹತ್ತು ಗಂಟೆಗೆ ಬರ್ತೀನಿ ಅಂತ ಬರೆಯೋಕೆ ಹೇಳಿದ್ದೂ ಅದಕ್ಕೇನೇ, ಎಂಟೂವರೆ ರಶ್ಶು ತಪ್ಪತ್ತೆ.

ಅತ್ತೆ ವಿಷಯ: ಅವರ ಕಾಲದಲ್ಲಿ ಹೆಂಗಸರು ಹೇಳ್ಕೊಳ್ತಿರ್ಲಿಲ್ಲ, ಅಷ್ಟೇ. ವಾದ ಮಾಡ್ಬೇಡಿ, ಬಿಂದಿಗೆ ಮತ್ತೆ ಗ್ಯಾಸ್ ಸಿಲಿಂಡರ್ ಮಾತ್ರ ಎತ್ತಬೇಡಿ.

ಪ್ರಶ್ನೆ: ನಾನು ಒಂದು ಸಾಫ್ಟ್‌ವೇರ್ ಕಂಪನೀಲಿ ಟೀಮ್ ಲೀಡ್, 31 ವರ್ಷ. ನನ್ನ ಟೀಮಲ್ಲಿ 52 ವರ್ಷದ ಸೀನಿಯರ್ ಒಬ್ರಿದಾರೆ, ಬೈಪಾಸ್ ಆಗಿ ಮೂರು ತಿಂಗಳಾದ್ಮೇಲೆ ಬಂದ್ರು. ಮುಂಚೆ ಕ್ಯಾಂಟೀನಲ್ಲಿ ಅವರದ್ದೇ ಜೋಕು, ಈಗ ಒಬ್ರೇ ಟಿಫನ್ ಬಾಕ್ಸ್ ಮುಗಿಸಿ ಎದ್ದು ಹೋಗ್ತಾರೆ. ನಾವೆಲ್ಲ ಹುಷಾರಾಗಿ ನೋಡ್ಕೊಳೋಣ ಅಂತ ಅವರ ಕೆಲಸ ಎಲ್ಲಾ ಹಂಚ್ಕೊಂಡ್ವಿ, ಇನ್ನೂ ಡಲ್ ಆಗ್ಬಿಟ್ರು. ವಯಸ್ಸಲ್ಲಿ ದೊಡ್ಡೋರು, ಏನಂತ ಕೇಳೋದು?

ಉತ್ತರ: ಕೆಲಸ ಎಲ್ಲಾ ಕಿತ್ಕೊಂಡು ಕೂರ್ಸಿದ್ರೆ ಯಾರಾದ್ರೂ ಡಲ್ ಆಗ್ತಾರೆ ಮಾರಾಯ್ರೇ! ನಿಮ್ಮ ಉದ್ದೇಶ ಒಳ್ಳೇದೇ, ಆದ್ರೆ ಅವರಿಗೆ ಕೇಳ್ಸಿರೋದು "ನಿಮ್ಮ ಕೈಲಿ ಇನ್ನಾಗಲ್ಲ ಸರ್" ಅಂತ.

ಬೈಪಾಸ್ ಬಗ್ಗೆ ಒಂದೆರಡು ವಿಷಯ ಗೊತ್ತಿರ್ಲಿ. ಎದೆಮೂಳೇನ ಸೀಳಿ ಆಮೇಲೆ ತಂತೀಲಿ ಕಟ್ಟಿರ್ತಾರೆ, ಅದು ಕೂಡ್ಕೊಳೋಕೇ ಎರಡು ಮೂರು ತಿಂಗಳು ಬೇಕು, ಹಾಗಾಗಿ ಮೂರು ತಿಂಗಳಿಗೆ ಬಂದಿದಾರೆ ಅಂದ್ರೆ ಸರಿಯಾಗೇ ಬಂದಿದಾರೆ. ಆದ್ರೆ ಬೈಪಾಸ್ ಆದ್ಮೇಲೆ ಖಿನ್ನತೆ ಬರೋದು ತುಂಬಾ ಮಾಮೂಲು, ಹಾರ್ಟ್ ಡಾಕ್ಟರುಗಳಿಗೆ ಇದು ಚೆನ್ನಾಗಿ ಗೊತ್ತು, ಅದನ್ನ ಹಾಗೇ ಬಿಟ್ರೆ ಹೃದಯ ಚೇತರಿಸ್ಕೊಳೋದೂ ನಿಧಾನ ಆಗತ್ತೆ. ಕೆಲವರಿಗೆ ಮೊದಲ ಕೆಲವು ತಿಂಗಳು ಮರೆವು, ಹೆಸರು ತಕ್ಷಣ ನೆನಪಿಗೆ ಬರದೇ ಇರೋದು ಇರತ್ತೆ, ಬಹಳ ಜನಕ್ಕೆ ಆಮೇಲೆ ಸರಿ ಹೋಗತ್ತೆ. ಮೀಟಿಂಗಲ್ಲಿ ಅವರು ತಡವರಿಸಿದ್ರೆ ಪಕ್ಕದೋರು ಬಾಯಿ ಹಾಕಿ ಪೂರ್ತಿ ಮಾಡ್ಬೇಡಿ, ಕಾಯಿರಿ.

ಕೇಳೋದು ಹೆಂಗೆ ಅಂದ್ರಲ್ಲ. ಕ್ಯೂಬಿಕಲ್‌ನಲ್ಲಿ ಬೇಡ, ಟೀಮ್ ವಾಟ್ಸಾಪ್ ಗ್ರೂಪಲ್ಲಂತೂ ಬೇಡ್ವೇ ಬೇಡ. ಸಂಜೆ ಟೀಗೆ ಅಂತ ಕೆಳಗೆ ಕರ್ಕೊಂಡೋಗಿ, ಕೆಲಸದ ಮಾತಿಂದಲೇ ಶುರು ಮಾಡಿ: "ಸರ್, ನಿಮ್ಮನ್ನ ಕೇಳದೇ ಕೆಲಸ ಹಂಚಿಬಿಟ್ವಿ. ಯಾವುದು ನೀವು ಇಟ್ಕೊಳ್ತೀರ, ಯಾವುದು ಸದ್ಯಕ್ಕೆ ನಮಗೆ ಬಿಡ್ತೀರ?" ಈ ಪ್ರಶ್ನೆಗೆ ಅವರೇ ಉತ್ತರ ಕೊಡ್ಲಿ. ರಾತ್ರಿ ಆನ್‌ಕಾಲ್ ಬಿಡ್ತೀನಿ, ಕ್ಲೈಂಟ್ ಕಾಲ್ ಇಟ್ಕೊಳ್ತೀನಿ ಅನ್ಬೋದು, ಉಲ್ಟಾನೂ ಅನ್ಬೋದು. ಆಮೇಲೆ "ನಿದ್ದೆ ಹೆಂಗೆ ಬರ್ತಿದೆ ಸರ್?" ಅಂತ ಕೇಳಿ. ನಮ್ಮ ಕಡೆ ಗಂಡಸರು "ಮನಸ್ಸು ಹೆಂಗಿದೆ" ಅಂದ್ರೆ ಚೆನ್ನಾಗಿದೆ ಅಂದ್ಬಿಡ್ತಾರೆ, ನಿದ್ದೆ ಬಗ್ಗೆ ಕೇಳಿದ್ರೆ ನಿಜ ಹೇಳ್ತಾರೆ, ಇದನ್ನ ನಾನು ಕೌನ್ಸೆಲಿಂಗಲ್ಲಿ ತುಂಬಾ ನೋಡಿದೀನಿ. ನಿದ್ದೆ ಇಲ್ಲ, ಏನೂ ಬೇಡ ಅನ್ಸತ್ತೆ ಅಂದ್ರೆ, "ಮುಂದಿನ ಚೆಕಪ್‌ನಲ್ಲಿ ಇದನ್ನೂ ಡಾಕ್ಟರಿಗೆ ಹೇಳಿ ಸರ್" ಅನ್ನಿ, ಆ ದಿನ ರಜ ನೀವೇ ಅಪ್ರೂವ್ ಮಾಡಿ. ಅಲ್ಲಿಗೆ ನಿಮ್ಮ ಕೆಲಸ ಮುಗೀತು, ನೀವು ಕೌನ್ಸೆಲರ್ ಆಗೋಕೆ ಹೋಗ್ಬೇಡಿ, ಬೆಳಗ್ಗೆ ಬೆಳಗ್ಗೆ ಸ್ಫೂರ್ತಿದಾಯಕ ಫಾರ್ವರ್ಡೂ ಕಳಿಸ್ಬೇಡಿ.

ಆಫೀಸಲ್ಲೇ ಏನಾದ್ರೂ ಆಗ್ಬಿಟ್ರೆ ಅನ್ನೋ ಭಯ ಟೀಮಿಗೆಲ್ಲ ಇರತ್ತೆ, ಬಾಯಿ ಬಿಟ್ಟು ಹೇಳಲ್ಲ ಅಷ್ಟೆ. ಅವರ ಮನೆಯವರ ನಂಬರ್ರು, 108 ಆಂಬ್ಯುಲೆನ್ಸ್ ಬಂದ್ರೆ ಯಾವ ಗೇಟಿಂದ ಒಳಗೆ ಬರ್ಬೇಕು, ಸ್ಟ್ರೆಚರ್ ಹಿಡಿಯೋ ಲಿಫ್ಟ್ ಯಾವುದು, ಇದಿಷ್ಟು ಇಬ್ಬರಿಗೆ ಗೊತ್ತಿದ್ರೆ ಸಾಕು.

ಪ್ರಶ್ನೆ: ಅಕ್ಕ, ನಾನು ಪೀಣ್ಯದಲ್ಲಿ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಪಿತ್ತಕೋಶದಲ್ಲಿ ಕಲ್ಲು ಅಂತ ಆಪರೇಷನ್ ಆಯ್ತು. ಇನ್ನೂ ಹೋಗೋಕಾಗಲ್ಲ ಅನ್ಸತ್ತೆ, ಸೂಪರ್‌ವೈಸರ್ ಕೂಗಾಡೋದು ನೆನೆಸ್ಕೊಂಡ್ರೇ ಎದೆ ಹೊಡ್ಕೊಳತ್ತೆ. ರಜ ಹಾಕಿದ್ರೆ ಸಂಬಳ ಹೋಗತ್ತೆ.

ಉತ್ತರ: ತಂಗೀ, ನಿನ್ನ ಸಂಬಳದಲ್ಲಿ ಇಎಸ್‌ಐ (ಕೆಲಸಗಾರರಿಗೆ ಇರೋ ಸರ್ಕಾರಿ ವಿಮೆ) ಕಟ್ ಆಗ್ತಿದ್ಯಾ ನೋಡು, ಪೇ ಸ್ಲಿಪ್ಪಲ್ಲಿ ಇರತ್ತೆ, 0.75 ಪರ್ಸೆಂಟು. ತಿಂಗಳಿಗೆ 21,000 ರೂಪಾಯಿ ಒಳಗಿನ ಸಂಬಳದೋರಿಗೆ ಇದು ಇರತ್ತೆ. ಆರು ತಿಂಗಳ ಕಂತಿನ ಅವಧೀಲಿ ಕಮ್ಮಿ ಅಂದ್ರೆ 78 ದಿನದ ಕಂತು ಕಟ್ಟಿದ್ರೆ ಹುಷಾರಿಲ್ಲದ ದಿನಕ್ಕೆ ಸಂಬಳದ 70 ಪರ್ಸೆಂಟು ದುಡ್ಡು ಬರತ್ತೆ, ವರ್ಷದಲ್ಲಿ 91 ದಿನದವರೆಗೆ. ಇಎಸ್‌ಐ ಡಾಕ್ಟರ್ ಸರ್ಟಿಫಿಕೇಟ್ ಕೊಡ್ಬೇಕು, ಮನೇಲಿ ಸುಮ್ನೆ ಇದ್ದುಬಿಟ್ರೆ ಬರಲ್ಲ. ಹಾಗಾಗಿ ಆಪರೇಷನ್ ಪೇಪರ್ ಎಲ್ಲಾ ತಗೊಂಡು ಡಿಸ್ಪೆನ್ಸರಿಗೆ ಹೋಗು, ಪ್ರತಿ ಪೇಪರ್‌ದೂ ಫೋಟೋ ಮೊಬೈಲಲ್ಲಿ ಇಟ್ಕೋ. ವಾಪಸ್ ಹೋಗುವಾಗ ಫೈನಲ್ ಸರ್ಟಿಫಿಕೇಟ್ ತಗೋ.

ಎದೆ ಹೊಡ್ಕೊಳೋದನ್ನೂ ಅದೇ ಡಾಕ್ಟರಿಗೆ ಹೇಳು, ಹೊಟ್ಟೆ ಕೇಸು ಅಂತ ಮುಚ್ಚಿಡ್ಬೇಡ. ರಾಜಾಜಿನಗರದ ಇಎಸ್‌ಐ ಆಸ್ಪತ್ರೇಲಿ ಮಾನಸಿಕ ವಿಭಾಗ ಇದೆ, ಅಲ್ಲಿಗೆ ಬರೆದುಕೊಡಿ ಅಂತ ಕೇಳು. ಭಾನುವಾರ ಬಿಟ್ರೆ ರಜ ಇಲ್ಲ ಅಂದ್ರೆ ಮೇಲೆ ಹೇಳಿದ 14416ಕ್ಕೆ ರಾತ್ರಿ ಮನೆಯಿಂದ್ಲೇ ಮಾತಾಡು. ಕೂಗಾಡೋ ಸೂಪರ್‌ವೈಸರ್ ನಿನ್ನ ತಪ್ಪಲ್ಲ. ಯೂನಿಯನ್ ಇದ್ರೆ ಲೈನಲ್ಲಿ ಇನ್ನೂ ಇಬ್ರನ್ನ ಜೊತೆ ಕರ್ಕೊಂಡು ಹೋಗಿ ಹೇಳು, ಒಬ್ಳೇ ಹೋಗ್ಬೇಡ.

ಪ್ರಶ್ನೆ: ಭಾನುವಾರದ ಕ್ರಿಕೆಟ್ಟಲ್ಲಿ ಮೊಣಕಾಲಿನ ಲಿಗಮೆಂಟ್ ಹರಿದು ಸರ್ಜರಿ ಆಯ್ತು. ಮನೇಲಿ ಕೂತು ಕೂತು ಡಿಪ್ರೆಶನ್ ಅಂತಾಗಿ ಈಗ ಮಾತ್ರೆ ತಗೊಳ್ತಿದೀನಿ. ಎಚ್‌ಆರ್‌ಗೆ ಕೊಡೋ ಸರ್ಟಿಫಿಕೇಟಲ್ಲಿ ಡಿಪ್ರೆಶನ್ ಅಂತ ಬರೆಸ್ಲಾ? ಹೈಕ್ ನಿಂತೋಗತ್ತಾ?

ಉತ್ತರ: "ಚಿಕಿತ್ಸೆಯಲ್ಲಿದ್ದಾರೆ, ಇಷ್ಟು ದಿನ ವಿಶ್ರಾಂತಿ ಬೇಕು" ಅಂತ ಬರೆದ್ರೆ ಬಹಳ ಕಡೆ ಸಾಕಾಗತ್ತೆ, ಡಾಕ್ಟರನ್ನ ಹಾಗೇ ಕೇಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ನಿಮ್ಮ ಚಿಕಿತ್ಸೆ ವಿವರ ಗುಟ್ಟಾಗಿಡೋದು ನಿಮ್ಮ ಹಕ್ಕು, ಡಾಕ್ಟರ್ ನಿಮ್ಮನ್ನ ಕೇಳದೇ ಆಫೀಸಿಗೆ ಹೇಳೋ ಹಾಗಿಲ್ಲ. ಇನ್ಶೂರೆನ್ಸ್‌ನೋರು ಮಾನಸಿಕ ಕಾಯಿಲೇನ ದೈಹಿಕ ಕಾಯಿಲೆ ಥರಾನೇ ನೋಡ್ಬೇಕು ಅಂತಾನೂ ಅದೇ ಕಾಯ್ದೇಲಿದೆ, ಅಡ್ಮಿಟ್ ಆಗೋ ಪರಿಸ್ಥಿತಿ ಬಂದ್ರೆ ಪಾಲಿಸಿ ಓದಿಸಿ ನೋಡಿ. ಕಾನೂನು ಹೀಗಿದ್ರೂ ಅಪ್ರೈಸಲ್ ರೂಮಲ್ಲಿ ಯಾರ ತಲೇಲಿ ಏನಿರತ್ತೆ ಅಂತ ನಾನು ಗ್ಯಾರಂಟಿ ಕೊಡಲ್ಲ. ಕೆಲಸದಲ್ಲಿ ಏನಾದ್ರೂ ಬದಲಾವಣೆ ಬೇಕಿದ್ರೆ ನಂಬಿಕೆ ಇರೋ ಒಬ್ರಿಗೆ, ಬೇಕಾದಷ್ಟು ಮಾತ್ರ ಹೇಳಿ. ಬೇಡ ಅಂದ್ರೆ ಹೇಳ್ಬೇಡಿ, ಅದೇನು ಸುಳ್ಳು ಹೇಳ್ದಂಗಲ್ಲ.

ನೀವು ಕೇಳದೇ ಇರೋದೊಂದು ಹೇಳ್ತೀನಿ. ಮೊಣಕಾಲಿಗೆ ಅಂತ ಈಗ್ಲೂ ಪೇನ್‌ಕಿಲ್ಲರ್ ನುಂಗ್ತಿದೀರಾ? ಡಿಪ್ರೆಶನ್‌ಗೆ ಕೊಡೋ ಕೆಲವು ಮಾತ್ರೆ ಜೊತೆ ಕೆಲವು ಪೇನ್‌ಕಿಲ್ಲರ್ ಸೇರಿದ್ರೆ ಹೊಟ್ಟೇಲಿ ರಕ್ತಸ್ರಾವ ಆಗೋ ಸಾಧ್ಯತೆ ಜಾಸ್ತಿ ಆಗತ್ತೆ, ಟ್ರಮಡಾಲ್ ಥರದ್ದಾದ್ರೆ ಬೇರೆ ಥರದ ತೊಂದ್ರೆ. ಮೂಳೆ ಡಾಕ್ಟರಿಗೆ ಈ ಚೀಟಿ ತೋರ್ಸಿರಲ್ಲ, ಮಾನಸಿಕ ಡಾಕ್ಟರಿಗೆ ಆ ಚೀಟಿ ತೋರ್ಸಿರಲ್ಲ, ಎಲ್ಲರ ಮನೇಲೂ ಇದೇ ಕತೆ. ಡಿಪ್ರೆಶನ್ ಮಾತ್ರೆ ಕೆಲಸ ಮಾಡೋಕೆ ಕೆಲವು ವಾರ ಬೇಕು, ಸರಿ ಹೋಯ್ತು ಅಂತ ನೀವೇ ಒಂದಿನ ನಿಲ್ಲಿಸ್ಬಿಡ್ಬೇಡಿ. ಮುಂದಿನ ಸಲ ಎರಡೂ ಚೀಟೀನ ಒಂದೇ ಕವರಲ್ಲಿ ಹಾಕ್ಕೊಂಡು ಹೋಗಿ.