ಮಾಲ್ಗುಡಿ ಡೇಸ್ ಹಳೆಯದನ್ನೂ ಹೊಸದನ್ನೂ ಮನೆಯವರ ಜೊತೆ ಹೋಲಿಸಿ ನೋಡೋದು ಹೇಗೆ?

ಹೋಲಿಸಬೇಡಿ. ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡಂತೂ ಖಂಡಿತ ಬೇಡ. ನಾನು ಮಾಡಿ ಕೆಟ್ಟವನು.

ಲಾಕ್‌ಡೌನಿನಲ್ಲಿ ನನಗೂ ಇದೇ ಹುಚ್ಚು ಹಿಡಿದಿತ್ತು. ಇನ್ನೂರು ಪುಟದ ನೋಟ್‌ಬುಕ್ ತಂದು ಎಡಗಡೆ ಆರ್.ಕೆ. ನಾರಾಯಣ್ ಕಥೆಗಳಿಂದ ಶಂಕರ್ ನಾಗ್ ಮಾಡಿದ ಹಳೆಯ ಹಿಂದಿ ಟಿವಿ ಸರಣಿ, ಬಲಗಡೆ 2006ರಲ್ಲಿ ಬಂದ ಕವಿತಾ ಲಂಕೇಶ್ ಸರಣಿ ಅಂತ ಗೆರೆ ಎಳೆದೆ. ಯಾವ ಪಾತ್ರಕ್ಕೆ ಯಾರು, ಯಾರು ಒಪ್ತಾರೆ, ಸೆಟ್ ಯಾವುದು, ನಿಜವಾದ ಬೀದಿ ಯಾವುದು, ಎಲ್ಲಾ ಬರೆಯೋ ಪ್ಲಾನು.

ಅಮ್ಮ ತೀರ್ಥಹಳ್ಳಿ ಕಡೆಯವರು. ಹಿಂದಿ ಒಂದಕ್ಷರ ಬರಲ್ಲ. ಆದರೂ ಎಲ್. ವೈದ್ಯನಾಥನ್ ಅವರ ಆ ರಾಗ ಶುರುವಾಗಿ ಆರ್.ಕೆ. ಲಕ್ಷ್ಮಣ್ ಗೆರೆಚಿತ್ರ ಬಂದಿದ್ದೇ ತಡ, ಬಿಡಿಸ್ತಿದ್ದ ಅವರೆಕಾಯಿ ಮೊರ ಪಕ್ಕಕ್ಕಿಟ್ಟು ಕೂತರು. ಕಥೆಯ ಹುಡುಗ ಸ್ವಾಮಿಯ ಮನೆ ಅಂದರೆ ಆಗುಂಬೆಯ ದೊಡ್ಡಮನೆ. ಅದರ ಕಂಬ, ಜಗಲಿ ಕಂಡಾಗ ಅವರಿಗೆ ಮಾತು ಯಾಕೆ ಬೇಕು? ಅಪ್ಪನಾಗಿ ಗಿರೀಶ್ ಕಾರ್ನಾಡ್ ಗದರಿದರೆ ಇವರು ಕನ್ನಡದಲ್ಲೇ ಸ್ವಾಮಿ ಪರ ವಕಾಲತ್ತು ಮಾಡೋರು.

ನಾನು ಸುಮ್ಮನಿದ್ದಿದ್ದರೆ ಆಗಿತ್ತು. ಎರಡು ನಿಮಿಷಕ್ಕೊಮ್ಮೆ ರಿಮೋಟ್ ಒತ್ತಿ ನಿಲ್ಲಿಸ್ತಿದ್ದೆ. ಈ ಡೈಲಾಗಿನ ಅರ್ಥ ಇದು, ಕಲಾ ನಿರ್ದೇಶನ ಜಾನ್ ದೇವರಾಜ್ ಅವರದು, ಹೀಗೆ ಕೊರೆತ. ಆಮೇಲೆ ನಲವತ್ತೈದು ರೂಪಾಯಿ ಸಂಬಳದ ಗುಮಾಸ್ತನ ಕಂತು ಬಂತು. ವಿಷ್ಣುವರ್ಧನ್! ಆಗಲೇ ದೊಡ್ಡ ಹೀರೋ, ಆದರೆ ಇಲ್ಲಿ ಹೀರೋಗಿರಿಯೇ ಇಲ್ಲ. ಮಗಳನ್ನು ಸಿನಿಮಾಕ್ಕೆ ಕರ್ಕೊಂಡು ಹೋಗ್ತೀನಿ ಅಂದವನು ಆಫೀಸಿನಿಂದ ತಡವಾಗಿ ಬರ್ತಾನೆ, ಕಾದೂ ಕಾದೂ ಮಗು ಮಲಗಿಬಿಟ್ಟಿರುತ್ತೆ. ಸರಿಯಾಗಿ ಅಲ್ಲೇ ನಿಲ್ಲಿಸಿದೆ ನಾನು. ಮಗುವಿನ ಮುಖದ ಮೇಲಲ್ಲ, ಬಾಗಿಲಲ್ಲಿ ನಿಂತ ಅವರ ಮುಖದ ಮೇಲೆ. "ನೋಡಮ್ಮ, ಸ್ಟಾರ್ ಒಬ್ಬರಿಗೆ ಇಂಥ ಪಾತ್ರ ಕೊಡೋ ಧೈರ್ಯ..." ಅಂತ ಶುರು ಮಾಡಿದೆ.

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಮೊರ ಎತ್ತಿಕೊಂಡರು. "ನಿಂದು ಬರೆದಾದ ಮೇಲೆ ಹೇಳು" ಅಂದು ಒಳಗೆ ಹೋದರು. ಆ ಕಂತಿನ ಉಳಿದ ಭಾಗ ನೋಡಲೇ ಇಲ್ಲ. ಮರುದಿನ ಕರೆದರೆ ಮಂಡಿನೋವು, ಅದರ ಮರುದಿನ ಅಡುಗೆ. ನಿಲ್ಲಿಸದೇ ಬಿಟ್ಟಿದ್ದರೆ ಇನ್ನೊಂದು ನಿಮಿಷದಲ್ಲಿ ಮುಗೀತಿತ್ತು. ಒಂದೇ ನಿಮಿಷ.

2006ರದ್ದನ್ನು ಕೊನೆಗೆ ನಾನೊಬ್ಬನೇ ನೋಡಿದೆ, ಪೆನ್ನು ಹಿಡಿದುಕೊಂಡು. ಹಾಗೆ ನೋಡಿದ್ದಕ್ಕೋ ಏನೋ, ತಪ್ಪು ಬಿಟ್ಟು ಬೇರೇನೂ ಕಾಣಲಿಲ್ಲ. ಪಾಪ, ಕವಿತಾ ಅವರ ಕೆಲಸಕ್ಕೆ ಇದು ಅನ್ಯಾಯ. ಶಂಕರ್ ನಾಗ್ ತೀರಿಕೊಂಡು ಹದಿನೈದು ವರ್ಷದ ಮೇಲೆ ಬಂದ ಸರಣಿ ಅದು. ನಮ್ಮ ತಲೇಲಿ ಮಾತ್ರ ಹಳೆಯ ಸರಣಿಯಲ್ಲಿ ಸ್ವಾಮಿಯಾಗಿದ್ದ ಮಾಸ್ಟರ್ ಮಂಜುನಾಥ್ ಇನ್ನೂ ಹುಡುಗನೇ. ಎದುರಿಗೆ ಯಾರನ್ನು ತಂದು ನಿಲ್ಲಿಸಿದರೂ ಸೋಲಲೇಬೇಕಿತ್ತು.

ಹೋಲಿಸಲೇಬೇಕು ಅಂತಿದ್ದರೆ ಒಬ್ಬರೇ, ಇಯರ್‌ಫೋನ್ ಹಾಕ್ಕೊಂಡು, ಎರಡಕ್ಕೂ ನಡುವೆ ಒಂದಾರು ತಿಂಗಳು ಬಿಟ್ಟು ನೋಡಿ. ಮನೆಯವರ ಜೊತೆಯಾದರೆ ಹಳೆಯದೊಂದೇ ಸಾಕು, ಸ್ವಾಮಿಯಿಂದ ಶುರು ಮಾಡಿ. ರಿಮೋಟ್ ಮಾತ್ರ ನಿಮ್ಮ ಕೈಲಿ ಬೇಡ.