ಅಪ್ಪನಿಗೆ ಡಯಾಲಿಸಿಸ್ ಶುರುವಾದರೆ ಮುಂದಿನ ಬದುಕು ಹೇಗಿರುತ್ತೆ?

ನಿಮ್ಮ ಪ್ರಶ್ನೆ ಓದಿದೆ. ಜಮಖಂಡಿ ಕಡೆ ಒಕ್ಕಲುತನ ಮಾಡುವ ನಿಮ್ಮ ಅಪ್ಪನಿಗೆ ಎರಡೂ ಕಿಡ್ನಿ ಸೋತಿವೆ, ಡಾಕ್ಟರ್ ಡಯಾಲಿಸಿಸ್, ಅಂದರೆ ಮಷೀನ್‌ನಿಂದ ರಕ್ತ ಶುದ್ಧಿ ಮಾಡುವುದು, ಅಂದಿದ್ದಾರೆ. 'ಒಮ್ಮೆ ಶುರು ಮಾಡಿದರೆ ಮನುಷ್ಯ ಮುಗಿದ ಹಾಗೇನಾ?' ಅಂತ ಕೇಳಿದ್ದೀರಿ.

ನಾನು ಬಾಗಲಕೋಟೆ ನವನಗರದವನು. ಸಣ್ಣ ಝೆರಾಕ್ಸ್ ಅಂಗಡಿ ಇದೆ. ಡಯಾಲಿಸಿಸ್‌ಗೆ ಇದು ಐದನೇ ವರ್ಷ. ಸೋಮವಾರ, ಬುಧವಾರ, ಶುಕ್ರವಾರ, ಸಲಕ್ಕೆ ನಾಲ್ಕು ತಾಸು. ಮುಗಿದಿಲ್ಲ. ಮೊದಲಿನ ಹಾಗೂ ಇಲ್ಲ, ಸುಳ್ಳು ಯಾಕೆ ಹೇಳಲಿ.

ಎಲ್ಲರೂ ಸೂಜಿಗೆ ಹೆದರುತ್ತಾರೆ. ಸೂಜಿ ರೂಢಿಯಾಗುತ್ತೆ. ರೂಢಿಯಾಗದ್ದು ನೀರಡಿಕೆ. ನಮ್ಮ ಕಡೆ ಬೇಸಿಗೆ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ಮೂತ್ರ ಕಡಿಮೆಯಾದ ಮೇಲೆ ಕುಡಿದ ನೀರು ಮೈಯಲ್ಲೇ ನಿಲ್ಲುತ್ತೆ, ಮಷೀನೇ ಎಳೆದು ತೆಗೆಯಬೇಕು. ಒಂದು ದಿನಕ್ಕೆ ಕುಡಿಯಬಹುದಾದದ್ದು ಹಿಂದಿನ ದಿನ ಹೋದ ಮೂತ್ರದಷ್ಟು, ಅದರ ಮೇಲೆ ಅರ್ಧ ಲೀಟರ್. ಸಾಮಾನ್ಯವಾಗಿ ಇದೇ ಲೆಕ್ಕ ಕೊಡುತ್ತಾರೆ. ಚಹಾ, ಮಜ್ಜಿಗೆ, ಸಾರು, ಗುಳಿಗೆ ನುಂಗುವ ನೀರು ಎಲ್ಲ ಅದರಲ್ಲೇ ಬಂತು.

ಎರಡನೇ ವರ್ಷ ಮೇ ತಿಂಗಳಲ್ಲಿ ಹೆಂಡತಿಯ ತಮ್ಮನ ಮದುವೆ. ಭಾನುವಾರ. ಶುಕ್ರವಾರದಿಂದ ಸೋಮವಾರದವರೆಗಿನ ಅಂತರವೇ ವಾರದಲ್ಲಿ ಉದ್ದ. 'ಒಂದು ದಿನಕ್ಕೇನಾಗುತ್ತೆ ಬಿಡ್ರಿ' ಅಂದರು ಬೀಗರು. ನಾಲ್ಕು ಗ್ಲಾಸ್ ಮಜ್ಜಿಗೆ ಹೊಡೆದೆ, ಊಟಕ್ಕೆ ಉಪ್ಪಿನಕಾಯಿ, ಹಪ್ಪಳ. ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ಮಲಗಿದರೆ ಉಸಿರು ಸಿಗುತ್ತಿಲ್ಲ. ಗೋಡೆಗೆ ದಿಂಬು ಆನಿಸಿ ಕೂತೆ, ಹೆಂಡತಿ ಬೆನ್ನು ತಿಕ್ಕುತ್ತಾ ಬೆಳಗು ಮಾಡಿದಳು. ಹಾಗೆ ಕೂತಿದ್ದು ನಮ್ಮ ದಡ್ಡತನ. ಆಗಲೇ ಆಸ್ಪತ್ರೆಗೆ ಓಡಬೇಕಿತ್ತು. ಬೆಳಿಗ್ಗೆ ತೂಕ ನೋಡಿದರೆ ನಾಲ್ಕು ಕಿಲೋ ಜಾಸ್ತಿ. ಅಷ್ಟು ನೀರು ಎಳೆಯುವಾಗ ಮೀನಖಂಡ ಕಲ್ಲಿನ ಹಾಗೆ ಗಟ್ಟಿಯಾಗಿ, ನಾಚಿಕೆ ಬಿಟ್ಟು ಚೀರಿದೆ.

ಅವತ್ತಿನಿಂದ ಬೆಳಿಗ್ಗೆ ಬಾಟಲಿಯಲ್ಲಿ ಮುಕ್ಕಾಲು ಲೀಟರ್ ತುಂಬಿಡುತ್ತೇನೆ. ಒಂದು ಕಪ್ ಚಹಾ ಕುಡಿದರೆ ಅಷ್ಟು ನೀರು ಗಿಡಕ್ಕೆ. ಆದರೆ ನೀರಿಗಿಂತ ಮೊದಲು ಉಪ್ಪು ಇಳಿಸಿ. ಉಪ್ಪು ತಿಂದು ನೀರು ತಡೆಯುವುದು ಯಾರಿಂದಲೂ ಆಗಲ್ಲ. ಅಂಗಡಿಯಲ್ಲಿ ಸಿಗುವ ಲೋ ಸೋಡಿಯಂ ಉಪ್ಪು ಮಾತ್ರ ತರಬೇಡಿ, ಅದರಲ್ಲಿ ಪೊಟ್ಯಾಸಿಯಂ ಇರುತ್ತೆ. ಎಳನೀರು, ಬಾಳೆಹಣ್ಣು, ಮೋಸಂಬಿಯಲ್ಲೂ ಅದೇ. ನೋಡಲು ಬರುವವರು ಸರಿಯಾಗಿ ಅವನ್ನೇ ಹಿಡಿದು ಬರುತ್ತಾರೆ! ಪೊಟ್ಯಾಸಿಯಂ ತುಂಬಾ ಏರಿದರೆ ಹೃದಯವೇ ನಿಲ್ಲಬಹುದು. ಹಣ್ಣು ತೆಗೆದುಕೊಂಡು ಪಕ್ಕದ ಮನೆ ಮಕ್ಕಳಿಗೆ ಕೊಡಿ. ಕಾಯಿಪಲ್ಯ ಹೆಚ್ಚಿ ಬೇಯಿಸಿ, ಆ ನೀರು ಚೆಲ್ಲಿ ಒಗ್ಗರಣೆ ಹಾಕಿ.

ನನಗೆ ಜಾಸ್ತಿ ನೋವಾಗಿದ್ದು ಶೇಂಗಾ ಹಿಂಡಿ ಬಿಟ್ಟಿದ್ದು. ಅದರಲ್ಲಿ ರಂಜಕ ಜಾಸ್ತಿಯಂತೆ, ನಾವು ರೊಟ್ಟಿಗೆ ಹಚ್ಚುವ ರಂಜಕ ಅಲ್ಲ, ಫಾಸ್ಫರಸ್. ರಕ್ತದಲ್ಲಿ ಅದು ಏರಿದರೆ ಮೈ ತುರಿಕೆ, ಎಲುಬು ಸವೆತ. ಈಗ ಹಬ್ಬಕ್ಕೊಮ್ಮೆ ಚಮಚದ ತುದಿಯಲ್ಲಿ. ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಡಯಾಲಿಸಿಸ್‌ಗೆ ಮುಂಚೆ ಪ್ರೋಟೀನ್ ಕಡಿಮೆ ಅಂದಿರುತ್ತಾರೆ, ಶುರುವಾದ ಮೇಲೆ ಜಾಸ್ತಿ ಬೇಕು. ಬರೀ ಗಂಜಿ ಕುಡಿಸಿ ಸೊರಗಿಸಬೇಡಿ. ಮೊಟ್ಟೆಯ ಬಿಳಿ ಭಾಗ, ಬೇಳೆ ಎಷ್ಟು ಅಂತ ಡಯಟಿಷಿಯನ್ ಹತ್ತಿರ ಕೇಳಿ.

ದುಡ್ಡಿನ ಮಾತು. 2016ರಲ್ಲಿ ಕೇಂದ್ರದ ರಾಷ್ಟ್ರೀಯ ಡಯಾಲಿಸಿಸ್ ಯೋಜನೆ ಘೋಷಣೆಯಾಯಿತು. ಬಿಪಿಎಲ್ ಕಾರ್ಡ್ ಇದ್ದವರಿಗೆ ಜಿಲ್ಲಾ ಆಸ್ಪತ್ರೆಯಲ್ಲಿ ಉಚಿತ. ಹಲವು ತಾಲ್ಲೂಕು ಆಸ್ಪತ್ರೆಗಳಲ್ಲೂ ಮಷೀನ್ ಇವೆ, ಮೊದಲು ಅಲ್ಲಿ ವಿಚಾರಿಸಿ. ಕಿಡ್ನಿ ಕಸಿ ಆಗುವ ಹಾಗಿದ್ದರೆ ಅದು ಇನ್ನೂ ಒಳ್ಳೆಯದು. ಮನೆಯಲ್ಲಿ ಕೊಡುವವರು ಇಲ್ಲದಿದ್ದರೆ ಆಸ್ಪತ್ರೆಯ ಮೂಲಕ ರಾಜ್ಯದ ಅಂಗಾಂಗ ದಾನ ಸಂಸ್ಥೆ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರು ಬರೆಸಬಹುದು. ನನ್ನ ಹೆಸರೂ ಇದೆ, ಕಾಯುತ್ತಿದ್ದೇನೆ.

ಇನ್ನು ಮನಸ್ಸು. ಮೊದಲ ವರ್ಷ ಮನೆಯವರು ಪ್ರೀತಿಯಿಂದಲೇ ನನ್ನನ್ನು ಮೂಲೆಗೆ ಕೂರಿಸಿದರು. ಅಂಗಡಿ ಕೀಲಿ ಮಗನ ಹತ್ತಿರ ಹೋಯಿತು. ಯಾರಾದರೂ ಲೆಕ್ಕ ಕೇಳಿದರೆ 'ಅಪ್ಪಗ ತ್ರಾಸ ಕೊಡಬ್ಯಾಡ್ರಿ' ಅನ್ನುತ್ತಿದ್ದ. ರೋಗಕ್ಕಿಂತ ಅದು ಜಾಸ್ತಿ ಚುಚ್ಚಿತು. ಡಯಾಲಿಸಿಸ್ ದಿನ ಮೈ ಹಿಂಡಿದ ಬಟ್ಟೆ, ಅವತ್ತು ಬಿಟ್ಟುಬಿಡಿ. ಮರುದಿನ ನಾನು ಅಂಗಡಿ ತೆರೆಯುತ್ತೇನೆ. ನಿಮ್ಮ ಅಪ್ಪ ಚೀಲ ಹೊರುವುದು ಬೇಡ. ಆದರೆ ಯಾವ ಹೊಲಕ್ಕೆ ಏನು ಬಿತ್ತಬೇಕು, ಕಬ್ಬು ಯಾವಾಗ ಕಡಿಸಬೇಕು, ಇದನ್ನೆಲ್ಲ ಅವರನ್ನೇ ಕೇಳಿ. ಸುಮ್ನೆ ಸಮಾಧಾನಕ್ಕಲ್ಲ, ಅವರು ಹೇಳಿದ ಹಾಗೆ ಮಾಡಿ.

ಫಿಸ್ಟುಲಾ ಆಗಿದೆಯೋ ಇಲ್ಲವೋ ನೀವು ಬರೆದಿಲ್ಲ. ಡಯಾಲಿಸಿಸ್ ಸೂಜಿ ಚುಚ್ಚಲು ಕೈಯಲ್ಲಿ ರಕ್ತನಾಳ ಜೋಡಿಸುವ ಸಣ್ಣ ಆಪರೇಷನ್ ಅದು. ಬಲಿಯಲು ವಾರಗಟ್ಟಲೆ ಬೇಕು, ಅದಕ್ಕೇ ಈ ವಾರವೇ ಡಾಕ್ಟರ್ ಹತ್ತಿರ ಕೇಳಿ. ಆ ಕೈಗೆ ಬಿಪಿ ಪಟ್ಟಿ ಕಟ್ಟಬಾರದು, ರಕ್ತ ತೆಗೆಯಬಾರದು. ಒಂದು ಕ್ಲಿನಿಕ್‌ನಲ್ಲಿ ಗಡಿಬಿಡಿಯಲ್ಲಿ ನನ್ನ ಎಡಗೈಗೇ ಪಟ್ಟಿ ಸುತ್ತಿದ್ದರು, ಕೈ ಕಿತ್ತುಕೊಂಡೆ. ರಾತ್ರಿ ಮಲಗುವ ಮುಂಚೆ ಫಿಸ್ಟುಲಾ ಮೇಲೆ ಬೆರಳಿಟ್ಟು ನೋಡುತ್ತೇನೆ. ಜುಮ್ ಅಂತ ಅದುರಬೇಕು. ಅದುರದಿದ್ದರೆ ಬೆಳಗಾಗುವವರೆಗೆ ಕಾಯಬೇಡಿ, ಕರೆದುಕೊಂಡು ಹೋಗಿ.