ವೇಗದ ರಿಯಾಕ್ಟರ್ ಮಾದರಿ: ತೀರ್ಥಹಳ್ಳಿಯ ತಂಗಿಯ ಪ್ರಶ್ನೆಗೆ

ತಂಗೀ, ಸೋಡಿಯಂ ತಂಪಿನ ವೇಗದ ರಿಯಾಕ್ಟರಿಗೆಂದು (ವೇಗ ತಗ್ಗಿಸದ ನ್ಯೂಟ್ರಾನುಗಳಿಂದ ನಡೆಯುವ ಪರಮಾಣು ಸ್ಥಾವರ) ಪೈಥಾನಿನಲ್ಲಿ ಬರೆದ ಮಾದರಿಯಲ್ಲಿ ನಿಯಂತ್ರಣ ಸರಳನ್ನು ತುಸು ಎತ್ತಿದೊಡನೆ ಶಕ್ತಿಯ ಅಂಕಿ ಒಮ್ಮೆ ಧನ, ಒಮ್ಮೆ ಋಣವಾಗಿ ಹುಚ್ಚೆದ್ದು ಏರುತ್ತದೆ ಎಂದಿದ್ದೀಯ. ತಪ್ಪು ಭೌತಶಾಸ್ತ್ರದಲ್ಲಿಲ್ಲ, ಲೆಕ್ಕ ಮುಂದಕ್ಕೆ ಸಾಗಲು ನೀನು ಇಟ್ಟ 0.01 ಸೆಕೆಂಡಿನ ಕಾಲದ ಹೆಜ್ಜೆಯಲ್ಲಿದೆ. ನ್ಯೂಟ್ರಾನಿನ ಒಂದು ತಲೆಮಾರಿನಿಂದ ಮುಂದಿನದಕ್ಕೆ 4×10⁻⁷ ಸೆಕೆಂಡ್, ತಡವಾಗಿ ಹುಟ್ಟುವ ನ್ಯೂಟ್ರಾನುಗಳ ಪಾಲು 0.0035 ಎಂದು ನೀನೇ ಹಾಕಿದ್ದೀಯಲ್ಲ. ಆ ಲೆಕ್ಕಕ್ಕೆ ಈಗಿನ ಬೆಲೆಯಿಂದ ನೇರವಾಗಿ ಮುಂದಿನದನ್ನು ಕಟ್ಟುವ ಸರಳ ಯೂಲರ್ ವಿಧಾನ ಹದ ತಪ್ಪದೆ ನಿಲ್ಲಬೇಕಾದರೆ ಹೆಜ್ಜೆ ಸುಮಾರು 0.0002 ಸೆಕೆಂಡ್ ದಾಟಬಾರದು. ಅದರ ಗೊಡವೆಯೇ ಬೇಡ, ಪೈಥಾನಿನ ಗಣಿತ ಸಂಗ್ರಹವಾದ ಸೈಪೈನಲ್ಲಿ (SciPy) ಇಂಥ ಲೆಕ್ಕಕ್ಕೆಂದೇ ಇರುವ ಬಿಡಿಎಫ್ (BDF) ವಿಧಾನ ಬಳಸು. ಮೊದಲು ಹಿಮ್ಮಾಹಿತಿಯನ್ನೆಲ್ಲ (ಬಿಸಿ ಮರಳಿ ಶಕ್ತಿಯ ಮೇಲೆ ಬೀರುವ ಪ್ರಭಾವ) ತೆಗೆದು, ಆ 0.0035ರ ಹತ್ತನೆಯ ಒಂದು ಭಾಗದಷ್ಟು ಪ್ರತಿಕ್ರಿಯಾತ್ಮಕತೆ (ಸರಪಳಿ ಕ್ರಿಯೆಯನ್ನು ಏರಿಸುವ ಅಥವಾ ಇಳಿಸುವ ಒಲವಿನ ಅಳತೆ) ಕೊಡು. ಶಕ್ತಿ ಥಟ್ಟನೆ ಶೇ 11ರಷ್ಟು ಜಿಗಿದು ಆಮೇಲೆ ನಿಧಾನವಾಗಿ ಏರಬೇಕು. ಹಾಗಾಗುವವರೆಗೆ ಮುಂದಕ್ಕೆ ಹೋಗಬೇಡ.

ನನಗೆ ಹೆಚ್ಚು ಕಳವಳ ತಂದದ್ದು ಇನ್ನೊಂದು ಸಾಲು. ಎಲ್ಲ ಹಿಮ್ಮಾಹಿತಿಯನ್ನೂ ಕೂಡಿಸಿ ಒಂದೇ ತಾಪಮಾನಕ್ಕೆ ಒಂದೇ ಋಣ ಗುಣಾಂಕ, ಅಂದರೆ ಬಿಸಿಯೇರಿದಷ್ಟೂ ಪ್ರತಿಕ್ರಿಯಾತ್ಮಕತೆ ಇಳಿಸುವ ಒಂದೇ ಅಂಕಿ, ಕಟ್ಟಿದ್ದೀಯ. ಅಡಿಕೆ ಬೇಯಿಸುವ ಹಂಡೆಯನ್ನು ನೋಡಿದ್ದೀಯ; ಕಟ್ಟಿಗೆ ಹಿರಿದರೂ ಕುದಿ ಕೂಡಲೇ ನಿಲ್ಲುವುದಿಲ್ಲ. ಇಲ್ಲಿಯೂ ಡಾಪ್ಲರ್ ಪರಿಣಾಮ (ಬಿಸಿ ಇಂಧನ ಹೆಚ್ಚು ನ್ಯೂಟ್ರಾನುಗಳನ್ನು ನುಂಗುವುದು) ಇಂಧನ ಬಿಸಿಯಾದ ಕ್ಷಣವೇ ಬರುತ್ತದೆ, ಸೋಡಿಯಂ ತುಸು ತಡವಾಗಿ ಬಿಸಿಯಾಗುತ್ತದೆ, ಇಂಧನವನ್ನು ಹೊತ್ತ ತಳಫಲಕ ಹಿಗ್ಗುವುದು ಒಳಬರುವ ಸೋಡಿಯಂ ಬಿಸಿಯಾದ ಮೇಲೆಯೇ. ಒಂದೊಂದಕ್ಕೂ ಅದರದೇ ತಾಪಮಾನ, ಅದರದೇ ತಡ ಬೇಕು.

ಅಮೆರಿಕದ ಐಡಹೋದಲ್ಲಿದ್ದ ಪ್ರಾಯೋಗಿಕ ವೇಗದ ರಿಯಾಕ್ಟರ್ ಇಬಿಆರ್-1ರಲ್ಲಿ ಈ ತಡವೇ ಅಪಾಯ ತಂದಿತು. ಬಿಸಿಗೆ ಇಂಧನ ಸರಳುಗಳು ಒಳಕ್ಕೆ ಬಾಗಿ ಪ್ರತಿಕ್ರಿಯಾತ್ಮಕತೆಯನ್ನು ಒಡನೆಯೇ ಏರಿಸುತ್ತಿದ್ದವು. ಇಳಿಸುವ ಪರಿಣಾಮ ಬಲವಾಗಿದ್ದರೂ ತಡವಾಗಿ ಬರುತ್ತಿತ್ತು. 1955ರ ನವೆಂಬರಿನಲ್ಲಿ, ಶೀತಕದ ಹರಿವು ನಿಲ್ಲಿಸಿ ನಡೆಸಿದ ಪ್ರಯೋಗದಲ್ಲಿ, ಇಂಧನವಿರುವ ಗರ್ಭದ ಒಂದು ಭಾಗ ಕರಗಿತು. ಕೂಡಿಸಿದ ಗುಣಾಂಕ ಋಣವೇ ಆಗಿತ್ತು ಎಂಬುದನ್ನು ಗಮನಿಸು. ನಿನ್ನ ಮಾದರಿ ಅದನ್ನು ಸುರಕ್ಷಿತ ಎಂದೇ ಹೇಳುತ್ತಿತ್ತು.

ಡಾಪ್ಲರ್ ಸದಾ ಕಾಪಾಡುತ್ತದೆ ಎಂದೂ ಬರೆದಿದ್ದೀಯ. ಶಕ್ತಿ ಇಳಿದು ಇಂಧನ ತಣಿಯುವಾಗ ಅದೇ ಡಾಪ್ಲರ್ ಪ್ರತಿಕ್ರಿಯಾತ್ಮಕತೆಯನ್ನು ಮರಳಿ ಏರಿಸುತ್ತದೆ. ಒಳಗೆ ತುಂಬ ಬಿಸಿಯಾಗಿರುವ ಆಕ್ಸೈಡ್ ಇಂಧನದಲ್ಲಿ ಇದು ದೊಡ್ಡದು. ಶಾಖವನ್ನು ಬೇಗ ಸಾಗಿಸುವ ಲೋಹದ ಇಂಧನದಲ್ಲಿ ಚಿಕ್ಕದು. 1986ರ ಏಪ್ರಿಲ್ 3ರಂದು ಅದೇ ಐಡಹೋದ ಮುಂದಿನ ರಿಯಾಕ್ಟರ್ ಇಬಿಆರ್-2ರಲ್ಲಿ ಪೂರ್ಣ ಶಕ್ತಿಯಲ್ಲಿದ್ದಾಗ ಪಂಪುಗಳನ್ನು ನಿಲ್ಲಿಸಿ, ನಿಯಂತ್ರಣ ಸರಳುಗಳನ್ನು ಇಳಿಸದೆ ಬಿಟ್ಟರೂ ಹಿಗ್ಗುವಿಕೆಯಿಂದಲೇ ಶಕ್ತಿ ತಗ್ಗಿತು. ಲೋಹದ ಇಂಧನ ಇದ್ದುದು ಅದಕ್ಕೆ ಒಂದು ಮುಖ್ಯ ಕಾರಣ.

ಡಾಪ್ಲರ್, ಇಂಧನದ ಹಿಗ್ಗು, ಸೋಡಿಯಂ ಸಾಂದ್ರತೆ, ತಳಫಲಕ, ನಿಯಂತ್ರಣ ಸರಳನ್ನು ಹಿಡಿದ ದಂಡದ ಹಿಗ್ಗು: ಪ್ರತಿಕ್ರಿಯಾತ್ಮಕತೆಗೆ ಈ ಐದು ಕೊಡುವ ಪಾಲಿನ ಗೆರೆಗಳನ್ನೂ ಒಂದೇ ನಕ್ಷೆಯಲ್ಲಿ ಬೇರೆಬೇರೆ ಬಣ್ಣದಲ್ಲಿ ಎಳೆದು ಹಾಕು. ನಿನ್ನ ಮಾದರಿಯಲ್ಲೂ ಪಂಪು ನಿಲ್ಲಿಸಿ, ನಿಂತ ಮೇಲಿನ ಮೊದಲ 100 ಸೆಕೆಂಡು ತೋರಿಸಿದರೆ ಸಾಕು. ನಾನು ಸಾಲುಸಾಲಾಗಿ ನೋಡುತ್ತೇನೆ.